ಬ್ರೇಕ್ ತುಳಿಯುವ ಕಾಲು

ಹಿರಿಯೂರು
12 ನವೆಂಬರ್ 2024

ಪ್ರೀತಿಯ ಜಹಾಂಗೀರನಿಗೆ,

ಚಿತ್ತಯ್ಯನ ಸಲಾಂ. ನಿನ್ನ ಮಗಳು ಫರೀಹಾ ಫೋನ್ ಮಾಡಿ ಬಹಳ ದಿನವಾಯಿತು. ತಕ್ಷಣ ಬರೆಯದಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಆವತ್ತೇ ಬರೆದಿದ್ದರೆ ಕಾಗದದ ತುಂಬ ಬೈಗುಳವೇ ಇರುತ್ತಿತ್ತು. ಫೋನಿನಲ್ಲಿ ಹೇಳೋಣವೆಂದರೆ, ಜೀವಮಾನವೆಲ್ಲ ಇಂಜಿನ್ ಪಕ್ಕ ಕುಳಿತ ನಿನ್ನ ಕಿವಿಗೆ ನಾನು ಎಷ್ಟು ಕೂಗಿದರೂ ಕೇಳುವುದಿಲ್ಲ, ನಮ್ಮ ಬೀದಿಯವರಿಗೆಲ್ಲ ಕೇಳುತ್ತದೆ.

ಇಲ್ಲಿ ಎಲ್ಲ ಸೌಖ್ಯ. ಜುಂಜಮ್ಮ ನಿನ್ನನ್ನೂ ಮಲೀಕಾಳನ್ನೂ ಕೇಳಿದ್ದಾಳೆ. ಮೊನ್ನೆ ಧರ್ಮಪುರಕ್ಕೆ ಹೋಗಿದ್ದೆ, ನಮ್ಮ ಹಳೇ ರೂಟಿನ ಬಸ್ಸಿನಲ್ಲೇ. ಶೇಂಗಾ ಕಿತ್ತು ಹೊಲಗಳೆಲ್ಲ ಖಾಲಿ. ಈಗಿನ ಕಂಡಕ್ಟರ್ ಗಾಡಿ ನಿಲ್ಲಿಸಲು ಓಲ್ಡಾನ್ ಅನ್ನುವುದೇ ಇಲ್ಲ, ಸುಮ್ಮನೆ ಬಸ್ಸಿನ ತಗಡು ಬಡಿಯುತ್ತಾನೆ. ಡ್ರೈವರೂ ತನಗೆ ಬೇಕಾದಲ್ಲಿ ನಿಲ್ಲಿಸುತ್ತಾನೆ. ನಾನು ಕಂಡಕ್ಟರ್ ಆಗಿದ್ದಷ್ಟು ಕಾಲ, ನಾನು ರೈಟ್ ಅನ್ನದೆ ನೀನು ಗಾಡಿ ಎತ್ತಿದವನಲ್ಲ, ಓಲ್ಡಾನ್ ಅನ್ನದೆ ನಿಲ್ಲಿಸಿದವನೂ ಅಲ್ಲ. ನಿನ್ನ ಸ್ವಂತ ಮಾವ ರಸ್ತೆಯಲ್ಲಿ ಕೈ ಅಡ್ಡ ಹಿಡಿದಾಗಲೂ ನಿಲ್ಲಿಸದೆ ಹೋಗಿ, ಮನೆಯಲ್ಲಿ ಮಲೀಕಾಳ ಕೈಲಿ ಚೆನ್ನಾಗಿ ಅನ್ನಿಸಿಕೊಂಡೆ.

ಈಗ ವಿಷಯಕ್ಕೆ ಬರುತ್ತೇನೆ. ಫರೀಹಾ ಅಳುತ್ತಲೇ ಹೇಳಿದಳು: "ಚಾಚಾ, ಅಬ್ಬಾನ ಹಾರ್ಟಲ್ಲಿ ಬ್ಲಾಕ್ ಐತಂತೆ, ಬೈಪಾಸ್ ಬೇಗ ಮಾಡಿಸ್ರಿ ಅಂದ್ರು ಡಾಕ್ಟ್ರು. ಇವ್ರು ಒಪ್ತಾನೇ ಇಲ್ಲ. ಕಾಲಿನ ನರ ಕಿತ್ತು ಎದೆಗೆ ಹಾಕ್ತಾರೆ, ಕಾಲು ಬಿದ್ದೋಗುತ್ತೆ, ಅದು ಬ್ರೇಕ್ ತುಳಿಯೋ ಕಾಲು ಅಂತಾರೆ."

ಲೇ, ರಿಟೈರ್ ಆಗಿ ಇಷ್ಟು ವರ್ಷವಾದ ಮೇಲೆ ಯಾವ ಬ್ರೇಕು ತುಳಿಯುತ್ತೀಯೋ? ಆದರೂ ನಿನ್ನನ್ನು ನೋಡಿ ನಗಲು ನನಗೆ ಬಾಯಿಲ್ಲ. ಹೋದ ವರ್ಷ ದಾವಣಗೆರೆಯಲ್ಲಿ ನನಗೆ ಆಪರೇಷನ್ ಆದಾಗ ನಾನೂ ಇದನ್ನೇ ನಂಬಿದ್ದೆ. ಮನೆಗೆ ಬಂದವನು ಬಲಗಾಲು ಎಳೆದುಕೊಂಡೇ ಓಡಾಡುತ್ತಿದ್ದೆ. ಜುಂಜಮ್ಮ ದಿನಾ ಸಂಜೆ ಹೊಲಿಗೆಯ ಅಕ್ಕಪಕ್ಕ ಹರಳೆಣ್ಣೆ ಹಚ್ಚಿ ಕಣ್ಣೊರೆಸಿಕೊಳ್ಳುತ್ತಿದ್ದಳು. ತಪಾಸಣೆಗೆ ಹೋದಾಗ ಡಾಕ್ಟರ್ ಮಮತಾ ಕೇಳಿದರು, "ಯಾಕ್ರಿ ಯಜಮಾನ್ರೆ, ಕುಂಟ್ತೀರಿ?"

"ಕಾಲಿನ ನರ ನೀವೇ ತೆಗ್ದಿದೀರಲ್ಲ ಮೇಡಂ."

ಆಕೆ ನಗು ತಡೆದುಕೊಂಡರು. "ನಾವು ತೆಗ್ದಿದ್ದು ರಕ್ತ ಹರಿಯೋ ನಾಳ ಕಣ್ರಿ. ಕಾಲು ಆಡಿಸೋ ನರ ಅಲ್ಲೇ ಐತೆ. ನೆಟ್ಟಗೆ ನಡೀರಿ ನೋಡಾಣ."

ನಡೆದೆ. ಕಾಲು ಏನೂ ಆಗಿಲ್ಲವೆಂಬಂತೆ ನಡೆಯಿತು. ನಾವು ಎರಡಕ್ಕೂ ನರ ಅನ್ನುತ್ತೇವೆ, ನಿಮ್ಮ ಮನೆ ಮಾತಿನಲ್ಲೂ ಎರಡಕ್ಕೂ ನಸ್ ಅನ್ನುತ್ತೀರಿ. ಆ ಒಂದು ಮಾತಿನಿಂದ ನಾನು ಸುಮ್ಮನೆ ಕುಂಟನಾಗಿದ್ದೆ. ನೀನು ಪ್ರಾಣವನ್ನೇ ಕಳೆದುಕೊಳ್ಳಲು ಹೊರಟಿದ್ದೀಯ. ಗೀರಿದ ಜಾಗದಲ್ಲಿ ಸ್ವಲ್ಪ ಜೋಮು ಉಳಿದಿದೆ, ಅಷ್ಟೇ.

ಆವತ್ತು ಡಾಕ್ಟರ್ ಇನ್ನೂ ಒಂದಷ್ಟು ಹೇಳಿದರು. ಮುಚ್ಚಿದ ಜಾಗ ಬಿಟ್ಟು ಪಕ್ಕದಲ್ಲಿ ಹೊಸ ದಾರಿ ಮಾಡುತ್ತಾರೆ, ನಮ್ಮೂರ ಬೈಪಾಸ್ ರಸ್ತೆಯ ಹಾಗೆ. ಕಾಲಿನ ನಾಳದೊಳಗೆ ಒಂದೇ ಕಡೆ ತೆರೆಯುವ ಪುಟ್ಟ ಬಾಗಿಲುಗಳಿವೆಯಂತೆ, ಅದಕ್ಕೆ ಅದನ್ನು ತಿರುಗಿಸಿ ಹೊಲಿಯುತ್ತಾರೆ. ಕಾಲಿನಲ್ಲಿ ರಕ್ತ ನಿಧಾನ, ಹಾಗಾಗಿ ಅದರ ಗೋಡೆ ತೆಳು. ಎದೆಗೆ ಹಾಕಿದ ಮೇಲೆ ಪ್ರತಿ ಬಡಿತಕ್ಕೂ ಜೋರಾಗಿ ರಕ್ತ ನುಗ್ಗುತ್ತದೆ. ಅದನ್ನು ತಡೆಯಲು ನಾಳ ತಾನೇ ಬದಲಾಗುತ್ತದೆ, ಗೋಡೆ ದಪ್ಪವಾಗುತ್ತದೆ, ಗಟ್ಟಿಯಾಗುತ್ತದೆ. ಕಾಲಿನಲ್ಲಿ ಹುಟ್ಟಿದ್ದು ಹೃದಯದ ಕೆಲಸ ಕಲಿಯುತ್ತದೆ. ನಮ್ಮ ದೇಹದಲ್ಲೇ ಇಷ್ಟು ಹಟ ಇರುವಾಗ ನಮಗೇಕೆ ಇರಬಾರದು ಎಂದು ಅನ್ನಿಸಿತು. ಆವತ್ತೇ ಬೀಡಿ ಕಟ್ಟನ್ನು ಒಲೆಗೆ ಹಾಕಿದೆ. ಬೀಡಿ ಸೇದಿದರೆ ಆ ಗೋಡೆ ಹದ ಮೀರಿ ಒಳಗೊಳಗೇ ಬೆಳೆದು ದಾರಿ ಮುಚ್ಚುತ್ತದಂತೆ. ನೀನೂ ಬಿಡಬೇಕು. ಈ ವಿಷಯದಲ್ಲಿ ನಿನ್ನ ಮಾತು ಕೇಳುವುದಿಲ್ಲ.

ಬ್ರೇಕಿನ ಚಿಂತೆಗೂ ದಾರಿ ಹುಡುಕಿದ್ದೇನೆ. ಎಡಗಾಲಿನಿಂದ ತೆಗೆಯಬಹುದೇ ಎಂದು ಮಮತಾ ಮೇಡಂ ಅವರನ್ನು ಕೇಳಿದೆ. ನಾಳ ಚೆನ್ನಾಗಿದ್ದರೆ ಆಗಬಹುದು ಎಂದರು. ಹೆಚ್ಚೆಂದರೆ ನಿನ್ನ ಕ್ಲಚ್ ಕಾಲಿಗೆ ಒಂದು ಗೀರು ಬೀಳುತ್ತದೆ.

ಬರುವ ಸೋಮವಾರ ಬೆಳಗಿನ ಬಸ್ಸಿಗೆ ಹೊಸದುರ್ಗಕ್ಕೆ ಬರುತ್ತೇನೆ. ಅಲ್ಲಿಂದ ಇಬ್ಬರೂ ದಾವಣಗೆರೆಗೆ ಹೋಗೋಣ. ನಿನ್ನ ರಿಪೋರ್ಟು, ಎರಡು ಲುಂಗಿ ಚೀಲಕ್ಕೆ ಹಾಕಿಡು ಎಂದು ಫರೀಹಾಗೆ ಹೇಳಿದ್ದೇನೆ. ನೀನು ಬರುವುದಿಲ್ಲ ಎಂದರೆ ಜಗಲಿಯ ಮೇಲೇ ಕೂರುತ್ತೇನೆ, ನನಗೆ ಬೇರೆ ಕೆಲಸವಿಲ್ಲ.

ಮಕ್ಕಳಿಗೆ ಆಶೀರ್ವಾದ. ನಿಮ್ಮ ಅಲ್ಲಾಹು, ನಮ್ಮ ಜುಂಜಪ್ಪ ಇಬ್ಬರೂ ಸೇರಿ ನಿನ್ನ ಮೊಂಡು ತಲೆಯನ್ನು ಕಾಯಲಿ.

ನಿನ್ನ,
ಚಿತ್ತಯ್ಯ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಹೋದ ತಿಂಗಳ ಪರೀಕ್ಷೆಯಲ್ಲಿ ನನ್ನ ಹೊಸ ದಾರಿಗಳಲ್ಲಿ ಒಂದು ಮುಚ್ಚಿದೆ ಎಂದು ಗೊತ್ತಾಯಿತು. ಬೀಡಿ ಬಿಟ್ಟರೂ, ಮಾತ್ರೆ ತಪ್ಪಿಸದೆ ನುಂಗಿದರೂ, ಗೋಡೆ ದಪ್ಪವಾಗುತ್ತಾ ಹೋಗಿ ದಾರಿಯನ್ನೇ ತಿಂದುಹಾಕಿದೆ. ಕೆಲವರಿಗೆ ಹೀಗೂ ಆಗುತ್ತದಂತೆ. ಉಳಿದವು ಚೆನ್ನಾಗಿವೆ, ಅವುಗಳ ಮೇಲೇ ನಡೆಯುತ್ತಿದ್ದೇನೆ, ದಿನಾ ಸಂಜೆ ಹೊಳೆಯವರೆಗೆ. ಜುಂಜಮ್ಮನಿಗೆ ಹೇಳಿಲ್ಲ. ಗಂಡನಿಗೆ ಹೊಸ ಹಾರ್ಟು ಹಾಕಿದ್ದಾರೆ ಎಂದು ಅವಳು ಕೇರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ನಿನ್ನನ್ನು ಸುಳ್ಳು ಹೇಳಿ ಕರೆದೊಯ್ಯಲಾರೆ, ಅದಕ್ಕೆ ಬರೆದೆ. ಇಷ್ಟು ಗೊತ್ತಿದ್ದೂ ಮಾಡಿಸಿಕೋ ಎನ್ನುತ್ತಿದ್ದೇನೆ. ಆ ಆಪರೇಷನ್ ಇಲ್ಲದಿದ್ದರೆ ಈ ಒಂದು ವರ್ಷ ನನಗಿರಲಿಲ್ಲ.

ನನಗೆ ಹೆದರಿಕೆಯಾಗಿದೆ, ಜಹಾಂಗೀರ್. ಅದನ್ನು ಹೇಳಿಕೊಳ್ಳಲು ನನಗೆ ನೀನೊಬ್ಬನೇ ಇರುವುದು. ನಾನು ಓಲ್ಡಾನ್ ಅನ್ನದೆ ನೀನು ಯಾವತ್ತೂ ಗಾಡಿ ನಿಲ್ಲಿಸಿದವನಲ್ಲ. ನಾನಿನ್ನೂ ಅಂದಿಲ್ಲ.