ಗುಂಡ್ಯಾನ ಆಪರೇಷನ್ನು

ಇಂಡಿ
ತಾ. ೧೮-೨-೧೯೬೭

ನಮ್ಮ ಮನಿಯವರಿಗೆ, ನಿಮ್ಮ ಹೊನ್ನವ್ವ ಮಾಡುವ ನಮಸ್ಕಾರ.

ನಾವೆಲ್ಲ ಆರಾಮ ಅದೇವಿ. ನಿಡಗುಂದ್ಯಾಗ ನಿಮ್ಮ ಊಟ, ನಿದ್ದಿ ಸರಿ ನಡದಾವಂತ ತಿಳದೇನಿ. ಎರಡು ಪತ್ರ ಬಂದ್ರೂ ಉತ್ತರ ಬರೀಲಿಲ್ಲಂತ ಸಿಟ್ಟಾಗಬ್ಯಾಡ್ರಿ. ಮನ್ಯಾಗ ಜಡ್ಡಿನ ಆರೈಕಿ ಇತ್ತು. ಗಾಬರಿಯಾಗಬ್ಯಾಡ್ರಿ, ಮಗಳು ಇಂದುಗಲ್ಲ, ಮೊಲಕ್ಕ.

ಹೋದ ವರ್ಷ ನೀವು ಇಂದುಗಂತ ತಂದ ಜೋಡ್ಯಾಗ ಹೆಣ್ಣು, ಮಲ್ಲಿಗಿ, ಮರಿ ಮ್ಯಾಲೆ ಮರಿ ಹಾಕಿದ್ಲು. ಹಾಲು ಬಿಡಿಸೂದರೊಳಗ ಮತ್ತ ಗಬ್ಬ. ಈ ಸಲದ ಮರಿ ಒಂದೂ ಉಳೀಲಿಲ್ಲ. ಎದಿ ಕೂದಲಾ ಕಿತ್ತು ಗೂಡಿಗೆ ಹಾಸಿ, ಬರೇ ಎಲುಬಾಗಿ ಮೂಲ್ಯಾಗ ಕುಂತಿದ್ಲು. ಬ್ಯಾರೆ ಇಟ್ರ ಗಂಡು, ಗುಂಡ್ಯಾ, ಜಾಳಿಗಿ ಕಡದು ಬರ್ತಿದ್ದ. ಅವನ ಬೀಜ ತಗಸೂದಂತ ನಿಶ್ಚೇ ಮಾಡಿದೆ.

ಅತ್ತಿ ಬೈದ್ರು. "ಗಂಡು ಜೀವಕ್ಕ ಹಂಗ ಮಾಡತಾರೇನ? ಯಾರಿಗರ ಕೊಟ್ಟುಬಿಡು."

"ಕೊಟ್ರ ಕೊಯ್ದು ತಿಂತಾರ್ರಿ. ಎರಡೂ ನಮ್ಮ ಮನ್ಯಾಗ ಇರ್ಲಿ," ಅಂದೆ.

ಬಾಜೂಮನಿ ಗೌಸಬಿ ಗುಂಡ್ಯಾನ ಬುಟ್ಟಿ ಹೊತ್ತು ನನ್ನ ಜೋಡಿ ದನದ ದವಾಖಾನಿಗೆ ಬಂದ್ಲು. ಡಾಕ್ಟರ್ ಅಬ್ದುಲರಜಾಕರು ನಕ್ಕರು. "ಹೋರಿ ತರ್ತಾರವ್ವ, ಮೊಲಾ ಯಾರೂ ತಂದಿಲ್ಲ. ಸಣ್ಣ ಜೀವ, ಮಂಪರಿನ ಔಷಧ ತಡೀಲಿಕ್ಕಿಲ್ಲ."

"ನೀವು ಹುಷಾರಿಲೆ ಮಾಡ್ರಿ, ನಾ ಹುಷಾರಿಲೆ ನೋಡ್ಕೋತೇನಿ."

ನಗೂದು ಬಿಟ್ಟು, ನಾಳೆ ಬರ್ರಿ ಅಂದ್ರು. "ಉಪಾಸ ಕೆಡವಬ್ಯಾಡ್ರಿ ಮತ್ತ. ಮೊಲದ ಹೊಟ್ಟಿ ಖಾಲಿ ಬೀಳಬಾರದು."

ಮರುದಿನ ಮೂಗಿಗೆ ಔಷಧದ ಅರಬಿ ಹಿಡದಾಗ ಗುಂಡ್ಯಾ ಒದ್ದಾಡಿ ಮಂಪರಿಗೆ ಬಿದ್ದ. ಡಾಕ್ಟರು ಕೊಯ್ಯೂ ಹೊತ್ತಿಗೆ ಗೌಸಬಿ ಕಣ್ಣು ಮುಚ್ಚಿಕೊಂಡ್ಲು. ನಾ ಮುಚ್ಚಲಿಲ್ಲ.

ಮನ್ಯಾಗ ಹುಲ್ಲಿನ ಬದಲಿ ಒಗದ ಧೋತರ ಹಾಸಿ, ಬಿಸಿನೀರಿನ ಬಾಟ್ಲಿಗೆ ಅರಬಿ ಸುತ್ತಿ ಬಾಜೂಕ ಇಟ್ಟೆ. ಜಿಗೀಬಾರದಂತ ಸಣ್ಣ ಪೆಟಿಗ್ಯಾಗ ಮಲಗಿಸಿದೆ. ಎಚ್ಚರಾದ, ಆದ್ರ ತಿನ್ನವಲ್ಲ. ಸೊಪ್ಪು ಹಿಡದ್ರ ಮಾರಿ ತಿರುವಿದ. ಹಿಕ್ಕಿನೂ ಹಾಕವಲ್ಲ.

"ನಿನ್ನ ಹಟಕ್ಕ ಸಾಯತೈತಿ," ಅಂದ್ರು ಅತ್ತಿ.

ಸೊಪ್ಪು ಅರದು, ನೀರಾಗ ಕಲಸಿ, ಹಲ್ಲಿನ ಬಾಜೂಕ ಹನಿಹನಿ ಹಾಕಿದೆ. ಹೊಟ್ಟಿ ಮೆಲ್ಲಕ ನೀವಿದೆ. ಮುಂಜಾನೆ ಇಂದು ಒದರಿದ್ಲು, "ಅವ್ವಾ, ಹಿಕ್ಕಿ ಹಾಕ್ಯಾನ!" ಅತ್ತಿನೂ ಓಡಿ ಬಂದು ಬಗ್ಗಿ ನೋಡಿದ್ರು. ಹಿಕ್ಕಿ ನೋಡಿ ಹಿಂಗ ಹಿಗ್ಗಿದ ಮನಿ ಇಂಡ್ಯಾಗ ನಮ್ಮದೊಂದ ಇರಬೇಕು.

ಗಾಯ ಮಾದೈತಿ. ಇನ್ನೂ ಒಂದು ತಿಂಗಳಾ ಹೆಣ್ಣಿನ ಹತ್ರ ಬಿಡಬ್ಯಾಡ್ರಿ ಅಂದಾರ ಡಾಕ್ಟರು. ಮಲ್ಲಿಗಿ ಗೌಸಬಿ ಮನ್ಯಾಗ ಅದಾಳ, ಮೈ ಹಿಡ್ಯಾಕತ್ತಾಳ.

ತಬ್ಬೇತಿ ಜ್ವಾಪಾನ್ರಿ. ಬಿಸಲಾಗ ಬರೇ ತಲೀಲೆ ನಿಂತು ಕೆಲಸ ಮಾಡಬ್ಯಾಡ್ರಿ. ಬಸವಣ್ಣ ನಿಮ್ಮನ್ನ ಕಾಯಲಿ. ಯುಗಾದಿಗೆ ದಾರಿ ನೋಡತೇವಿ.

ನಿಮ್ಮ
ಹೊನ್ನವ್ವ

ತಾ.ಕ.: ಹೋದ ಶ್ರಾವಣದಾಗ ನಮ್ಮ ಕೂಸು ಹೋದಾಗ ವಿಜಾಪುರದ ಡಾಕ್ಟರಬಾಯಿ ನನಗೊಬ್ಬಾಕಿಗೆ ಒಂದು ಮಾತು ಹೇಳಿದ್ರು. ಇನ್ನೊಂದು ಹಡದ್ರ ನಾ ಉಳಿಯೂದಿಲ್ಲಂತ. ನಿಮ್ಮ ಅಳು ನೋಡಿ ಅವತ್ತು ಹೇಳಾಕ ಬಾಯಿ ಬರಲಿಲ್ಲ. ಮಕ್ಕಳಾಗದಂಗ ಗಂಡಸರಿಗೆ ಸಣ್ಣ ಆಪರೇಷನ್ ಐತಂತ್ರಿ, ಸರಕಾರಿ ದವಾಖಾನ್ಯಾಗ ಮಾಡತಾರ. ನೀವು ಹೂಂ ಅಂದ್ರ ನಾನ ಜೋಡಿ ಬರ್ತೇನಿ, ನಾನ ಆರೈಕಿ ಮಾಡತೇನಿ. ಒಲ್ಲೆ ಅಂದ್ರ ನನ್ನ ಹೊಟ್ಟಿ ಕೊಯ್ಸಿಕೋತೇನಿ, ಡಾಕ್ಟರಬಾಯಿಗೆ ಹೇಳಿ ಬಂದೇನಿ. ಎರಡರಾಗ ಒಂದು ಆಗಾಕ ಬೇಕು. ಅತ್ತಿಗೆ ಮೊಮ್ಮಗ ಬೇಕಾಗ್ಯಾನ, ಗೊತ್ತೈತಿ. ನನಗ ಬದುಕಬೇಕಾಗೇತ್ರಿ.