ಕಳೆದ ಸಲಕ್ಕೆ ಥ್ಯಾಂಕ್ಸ್

ಏಪ್ರಿಲ್ 9, ಗುರುವಾರ

ಆಸ್ಪತ್ರೆ. ಮತ್ತೆ ಅದೇ ಪರೀಕ್ಷೆ — ಐದು ಪದ ಹೇಳುತ್ತಾರೆ, ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತಾರೆ. ಐದನ್ನೂ ಒಪ್ಪಿಸಿದೆ. ಡಾಕ್ಟರ್ ಬಿರ್ಗಿತ್‌ಗೆ ನನಗಿಂತ ಖುಷಿ.

"ಹಾಗಾದ್ರೆ ಚಳಿಗಾಲದಲ್ಲಿ ಇಲ್ಲಿ ಮಲಗಿದ್ದಾಗಿನ ನೆನಪೂ ವಾಪಸ್ ಬರುತ್ತಾ?"

"ಇಲ್ಲ, ತೋರುನ್. ನೆನಪು ಮೂಡ್ಬೇಕಾದ್ರೆ ಮಿದುಳಲ್ಲಿ ಕೆಲವು ರಿಸೆಪ್ಟರ್ ಕೆಲಸ ಮಾಡ್ಬೇಕು. ನಿಮ್ಮ ರಕ್ತದಲ್ಲಿರೋ ರೋಗನಿರೋಧಕ ಶಕ್ತಿಯೇ ಅವುಗಳ ಮೇಲೆ ದಾಳಿ ಮಾಡಿತ್ತು. ಆ ಎರಡು ತಿಂಗಳ ನೆನಪು ಮೂಡೇ ಇಲ್ಲ. ಇಲ್ಲದ್ದನ್ನ ಎಲ್ಲಿಂದ ತರೋದು?"

ನನ್ನದೇ ರಕ್ತ! ಯಾರನ್ನು ಬೈಯಲಿ? ಐವಿಂದ್ ಪಕ್ಕದಲ್ಲೇ ಕೈ ಹಿಡಿದು ಕುಳಿತಿದ್ದ. ಆ ಎರಡು ತಿಂಗಳೂ ಆಸ್ಪತ್ರೆಗೆ ದಿನಾ ಬರುತ್ತಿದ್ದನಂತೆ, ಬೇರೆ ಯಾರನ್ನೂ ಒಳಗೆ ಬಿಡಲಿಲ್ಲವಂತೆ. ಗಂಡನ ವಿಷಯದಲ್ಲಿ ಅದೃಷ್ಟವಂತೆ ನಾನು.

ಏಪ್ರಿಲ್ 12

ಬಿಸಿಲು — ಸದಾ ಮಳೆ ಸುರಿಯುವ ಬೆರ್ಗೆನ್‌ನಲ್ಲಿ! ಬಾಲ್ಕನಿಯಲ್ಲಿ ವಾಫಲ್, ಕಂದು ಚೀಸ್.

"ಆಸ್ಪತ್ರೇಲಿ ನಾನು ಏನೇನ್ ಮಾತಾಡ್ತಿದ್ದೆ, ಹೇಳೋ."

"ಬರೀ ತಲೆಹರಟೆ. ನರ್ಸ್ ಬಂದ್ರೆ ಟಿಕೆಟ್ ತೋರ್ಸಿ ಅಂತಿದ್ದೆ, ಟ್ರಾಮ್‌ನೋರ ಥರ."

ನಕ್ಕು ನಕ್ಕು ಹೊಟ್ಟೆ ನೋವು ಬಂತು.

ಏಪ್ರಿಲ್ 18, ಶನಿವಾರ

ಮೀನಂಗಡಿಯ ಸಾಲು. ಮುಂದಿದ್ದ ಹೆಂಗಸು ತಿರುಗಿದಳು. ಐವಿಂದ್ ಅವಸರ ಅವಸರವಾಗಿ, "ಇವಳು ಆನಿಕೆನ್, ನಮ್ಮ ಆಫೀಸು. ನೀನು ನೋಡಿಲ್ಲ" ಎಂದ. ಅವಳು ಕೈ ಚಾಚಿ, "ಕಳೆದ ಸಲಕ್ಕೆ ಥ್ಯಾಂಕ್ಸ್" ಎಂದಳು.

ಹಿಂದೆ ಭೇಟಿಯಾದವರಿಗಲ್ಲದೆ ಈ ಮಾತನ್ನು ನಮ್ಮಲ್ಲಿ ಯಾರು ಹೇಳುತ್ತಾರೆ? ಹುಟ್ಟಿದಾಗಿನಿಂದ ಬಂದ ರೂಢಿ, ಬಾಯಿ ತಪ್ಪಿ ಬಂದುಬಿಟ್ಟಿತು. ಅವಳ ಮುಖ ಬಿಳುಚಿಕೊಂಡಿತು. ಐವಿಂದ್ ಅಂಗಡಿಯವನ ಹತ್ತಿರ ಮೀನು ತಾಜಾ ಇದೆಯಾ ಎಂದು ವಿಚಾರಿಸತೊಡಗಿದ... ಜೀವಮಾನದಲ್ಲಿ ಕೇಳಿದವನಲ್ಲ.

ಅದೇ ದಿನ, ಸಂಜೆ

ಮೊದಲು ಹಾರಿಕೆ ಉತ್ತರ. ಆಮೇಲೆ ಬಾಯಿಬಿಟ್ಟ. ಅವಳ ಜೊತೆ ಸಂಬಂಧ, ಹೋದ ಬೇಸಿಗೆಯಿಂದ — ನಾನು ಕಾಯಿಲೆ ಬೀಳುವುದಕ್ಕೂ ಮೊದಲು. ಅವಳನ್ನು ನಾನು ನೋಡಿ ಮರೆತಿದ್ದರೆ ಅದು ಆ ಎರಡು ತಿಂಗಳಲ್ಲೇ ಇರಬೇಕು.

"ಆಸ್ಪತ್ರೆಗೂ ಕರ್ಕೊಂಡ್ ಬಂದ್ಯಲ್ಲೋ ಅವಳನ್ನ!"

"ನೀನೇ ಬರ್ಲಿ ಅಂದಿದ್ದು. ನಾನು ನಿಂಗೆ ಎಲ್ಲಾ ಹೇಳಿದ್ದೆ, ತೋರುನ್. ನೀನು ಕ್ಷಮಿಸಿದ್ದೆ. ಅವಳ ಕೈ ಹಿಡ್ಕೊಂಡು 'ಹೋಗ್ಲಿ ಬಿಡು' ಅಂದೆ."

ಕ್ಷಮಿಸಿದೆನಂತೆ. ನಾನಿಲ್ಲದಾಗ ನಾನು.

ಏಪ್ರಿಲ್ 23

ಅವನು ಸೋಫಾದಲ್ಲಿ, ನಾನು ಕೋಣೆಯಲ್ಲಿ. ನಿಜವಾಗಿ ಕ್ಷಮಿಸಿದ್ದರೆ ಈಗ ಜಗಳ ಆಡುವುದು ಸರಿಯೇ ಎಂದು ಮನಸ್ಸು ಅರ್ಧ ಕರಗಿತ್ತು, ಹಾಳಾದ್ದು. ಇವತ್ತು ಕೇಳಿದೆ: "ನೀನು ಹೇಳಿದ ಕೂಡ್ಲೇ ಕ್ಷಮಿಸಿದ್ನಾ ನಾನು?"

ತಲೆ ತಗ್ಗಿಸಿದ.

"ಇಲ್ಲ. ಮೊದಲನೇ ದಿನ ಲೋಟ ಎಸೆದೆ ನನ್ ಮೇಲೆ. ಮಾರನೇ ದಿನ ನಿಂಗೆ ನೆನಪಿರ್ಲಿಲ್ಲ... ನಾನು ಮತ್ತೆ ಹೇಳ್ದೆ. ತುಂಬಾ ಅಳ್ತಿದ್ದೆ ನೀನು."

"ಮತ್ತೆ?"

"ಮತ್ತೆ ಮಾರನೇ ದಿನ."

"ಎಲ್ಲೀತನಕ?"

"ನೀನು 'ಹೋಗ್ಲಿ ಬಿಡು' ಅನ್ನೋವರೆಗೂ."

ದಿನಾ ಹೊಸದಾಗಿ ಎದೆ ಒಡೆದಿದ್ದಾನೆ. ತನಗೆ ಬೇಕಾದ ಉತ್ತರ ಸಿಕ್ಕ ದಿನ ನಿಲ್ಲಿಸಿದ್ದಾನೆ. ಆನಿಕೆನ್ ವಿಷಯ ಹೇಗಾದರೂ ನುಂಗಿಕೊಳ್ಳುತ್ತಿದ್ದೆನೇನೋ. ಇದನ್ನು ಹೇಗೆ ನುಂಗಲಿ?

ಏಪ್ರಿಲ್ 24, ಬೆಳಿಗ್ಗೆ

ಕದ ತಟ್ಟುತ್ತಿದ್ದಾನೆ. "ತೋರುನ್, ಇನ್ನೊಂದೇ ಒಂದ್ ಸಲ ಹೇಳ್ತೀನಿ, ಕೇಳು."

ಇನ್ನೊಂದು ಸಲವಂತೆ! ಇಲ್ಲ. ಈ ಸಲ ಹೇಳುವವಳು ನಾನು, ಅವನು ಸಾಯುವ ತನಕ ಮರೆಯಬಾರದು. ಕದ ತೆಗೆದು ಮೊದಲು ಹೇಳುವ ಮಾತು ಒಂದೇ: "ನಾನು ಕ್ಷಮಿಸಿಲ್ಲ."