ಒಂಬತ್ತು ಮಾರು ಆಳ

ಬನ್ನಿಹಾಳ, ಚಿತ್ತಾಪುರ ತಾಲೂಕು
೯-೪-೧೯೫೮, ಬುಧವಾರ

ಮಗನೇ ಭೀಮಶ್ಯಾ, ನಿನ್ನ ಅಪ್ಪ ಜಟ್ಟೆಪ್ಪನ ಆಶೀರ್ವಾದಗಳು.

ನಿನ್ನ ಕೆಮ್ಮು ಹೇಗಿದೆ? ಶಹಾಬಾದದ ಕಲ್ಲಿನ ಧೂಳು ಒಳ್ಳೆಯದಲ್ಲ, ಖಣಿಗೆ ಇಳಿಯುವಾಗ ಬಾಯಿಗೆ ವಸ್ತ್ರ ಕಟ್ಟಿಕೋ. ನಾನು ಗಟ್ಟಿಯಾಗಿದ್ದೇನೆ. ನಿನ್ನ ಅವ್ವ ನನಗಿಂತ ಗಟ್ಟಿ. ಎಷ್ಟು ಗಟ್ಟಿ ಎಂಬುದನ್ನೇ ಈಗ ಬರೆಯುತ್ತೇನೆ.

ಇದನ್ನು ನನಗೆ ಮೊದಲು ಹೇಳಿದವಳು ಪಕ್ಕದ ಮನೆಯ ಅಂಬುಬಾಯಿ, ಸೋಮವಾರ ಸಂಜೆ, ಇಡೀ ಕೇರಿ ಬೇವಿನ ಗಿಡದ ಕೆಳಗೆ ಕುಳಿತಿದ್ದಾಗ. ನಮ್ಮನ್ನು ಬಾವಿಗೆ ಬರದಂತೆ ತಡೆದರೆ ಈಗ ಅಪರಾಧ, ಅಸ್ಪೃಶ್ಯತೆಯ ಕಾಯ್ದೆ ಬಂದು ಮೂರು ವರ್ಷವಾಯಿತು ಎಂದು ನೀನು ಬರೆದಿದ್ದೆಯಲ್ಲ, ಆ ಮಾತು ನಿನ್ನ ಅವ್ವನ ತಲೆಯಲ್ಲಿ ಕೂತುಬಿಟ್ಟಿತ್ತು. ಸೋಮವಾರ ಬೆಳಿಗ್ಗೆ ಅಂಬುಬಾಯಿಯನ್ನು ಕರೆದುಕೊಂಡು, ಕೊಡ ಹೊತ್ತು, ಎಮ್ಮೆ ಕಟ್ಟುವ ಹಗ್ಗ ಹಿಡಿದು ಊರ ಬಾವಿಯ ಕಟ್ಟೆ ಹತ್ತಿದಳಂತೆ. ಯಾರೂ ತಡೆಯಲಿಲ್ಲ. ಕೊಡ ಇಳಿಯಿತು, ಹಗ್ಗ ಮುಗಿಯಿತು, ನೀರು ಇನ್ನೂ ಎಲ್ಲೋ ಕೆಳಗಿತ್ತು! ನಮ್ಮ ತಪ್ಪು ನೋಡು: ಹುಟ್ಟಿದಾಗಿನಿಂದ ಆ ಬಾವಿಯ ನೀರನ್ನೇ ಕುಡಿದಿದ್ದೇವೆ, ಆದರೆ ಕಟ್ಟೆಯ ಕೆಳಗೆ ಕೊಡ ಇಟ್ಟು, ಮೇಲಿನವರು ಸುರಿಯಲಿ ಎಂದು ಕಾದು. ಅದರೊಳಗೆ ಬಗ್ಗಿ ನೋಡಿದವರು ನಮ್ಮಲ್ಲಿ ಒಬ್ಬರೂ ಇಲ್ಲ. ಆಳ ಯಾರಿಗೆ ಗೊತ್ತು?

ನಾಗೇಂದ್ರಪ್ಪ ಗೌಡರು ಅಲ್ಲೇ ನಿಂತಿದ್ದರಂತೆ. "ಯಾಕ ಹಣಮಮ್ಮ, ಕಾಯ್ದಾ ತಂದಿ, ಹಗ್ಗ ಮರ್ತು ಬಂದಿಯೇನು?" ಎಂದರಂತೆ. ಬಾವಿಯ ಸುತ್ತ ಇದ್ದವರೆಲ್ಲ ನಕ್ಕರು. ನಿನ್ನ ಅವ್ವ ಖಾಲಿ ಕೊಡ ಮೇಲೆಳೆದುಕೊಂಡು, "ಕಾಯ್ದಾ ಉದ್ದ ಅದರಿ ಗೌಡ್ರ, ಹಗ್ಗ ಅಷ್ಟೇ ಗಿಡ್ಡ ಅದ. ನಾಳಿಗಿ ಬರ್ತೀವ್ರಿ," ಎಂದಳಂತೆ.

ಅಂಬುಬಾಯಿ ಅವರಿಬ್ಬರ ದನಿಯನ್ನೂ ತೆಗೆದು ಹೇಳಿದಾಗ ನಾವೂ ಹೊಟ್ಟೆ ಹಿಡಿದು ನಕ್ಕೆವು. ನಿನ್ನ ಅವ್ವ ನಗಲಿಲ್ಲ. "ನಗೂದು ಆಯ್ತಿಲ್ಲೋ? ನಾಳಿ ಹೋಗಲಿಲ್ಲಂದ್ರ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇದೇ ನಗಿ ನಗ್ತಾರ," ಎಂದಳು.

ಮರುದಿನ ಬೆಳಿಗ್ಗೆ ಕೇರಿಯ ಮನೆಮನೆಯಲ್ಲೂ ಹಗ್ಗ ಬಿಚ್ಚಿದರು. ದನದ ಹಗ್ಗ, ಮಲಗುವ ಹೊರಸಿನ ಹಗ್ಗ, ಮುದಿ ಖಂಡೆಪ್ಪನ ಮೊಮ್ಮಗಳ ತೊಟ್ಟಿಲ ಹಗ್ಗ. ಎಲ್ಲವನ್ನೂ ಗಂಟು ಹಾಕಿ ಕಟ್ಟೆ ಹತ್ತಿದೆವು, ಎರಡೂ ಕೈ ಚಾಚಿ ಮಾರು ಹಾಕಿ ಅಳೆಯುತ್ತಾ ಕೊಡ ಇಳಿಸಿದೆವು. ಒಂಬತ್ತನೆಯ ಮಾರಿಗೆ ಕೊಡ ಬುಳುಕ್ ಎಂದಿತು.

ಮೈ ಕಡೆ ನೋಡಿಕೋ. ಹೊತ್ತಿಗೆ ಸರಿಯಾಗಿ ರೊಟ್ಟಿ ತಿನ್ನು.

ಇಂತಿ ನಿನ್ನ ಅಪ್ಪ,
ಜಟ್ಟೆಪ್ಪ

ತಾ.ಕ.: ಮುಖ್ಯವಾದುದನ್ನೇ ಬಿಟ್ಟೆ. ನಿನ್ನೆ ಮಧ್ಯಾಹ್ನದಿಂದ ಗೌಡರ ಹೊಲದಲ್ಲಿ ನಮ್ಮ ಕೇರಿಯವರಿಗೆ ಕೂಲಿ ಇಲ್ಲವಂತೆ. ಅದಕ್ಕೆಂದು ರೊಕ್ಕ ಕಳಿಸಬೇಡ, ದಂಡೋತಿಯ ಕಡೆ ಕೆಲಸ ನೋಡುತ್ತಿದ್ದೇವೆ. ಹಗ್ಗ ಕಳಿಸು. ನಮ್ಮ ಗಂಟುಗಳು ಬಾವಿಯ ಗಡಗಡಿಯ ಗಾಲಿಯಲ್ಲಿ ಸಿಕ್ಕಿಕೊಳ್ಳುತ್ತಿವೆ. ಖಣಿಯಲ್ಲಿ ಕಲ್ಲು ಎಳೆಯುವಂಥದ್ದು, ನಡುವೆ ಗಂಟಿಲ್ಲದ್ದು ಬೇಕು. ಒಂಬತ್ತಲ್ಲ, ಹನ್ನೊಂದು ಮಾರು ಇರಲಿ. ಬೇಸಿಗೆ ಮುಗಿಯಲು ಇನ್ನೂ ಎರಡು ತಿಂಗಳಿದೆ, ನೀರು ಕೆಳಗಿಳಿಯುತ್ತದೆ.